ಚೀಲಕ್ಕೊಂದು ಕೊಸರು

ಅಂಗಡಿ ಇಟ್ಟವನ ಬಾಗಿಲಿಗೆ ದಿನಕ್ಕೊಂದು ತಮಾಷೆ ತಾನಾಗಿ ನಡೆದು ಬರುತ್ತದೆ. ಅಂಗಡಿಯನ್ನು ಮೊಬೈಲಿನೊಳಗೆ ಇಟ್ಟವನಿಗೆ ಅದು ಉಣ್ಣುವ ಹೊತ್ತಿನಲ್ಲೂ ಗಂಟೆ ಬಾರಿಸಿಕೊಂಡು ಬರುತ್ತದೆ. ನಾನು ಸುಮ್ಮಸುಮ್ಮನೆ ನಗುವವನಲ್ಲ. ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿದವನು. ನನ್ನ ತರಗತಿಯಲ್ಲಿ ನಗು ಬಂದವರು ಹೊರಗೆ ನಿಂತು ನಕ್ಕಿದ್ದಾರೆ. ಆದರೂ ಆ ಒಂದು ತಿಂಗಳಲ್ಲಿ ನಡೆದದ್ದನ್ನು ನೆನೆದರೆ ನನ್ನ ಮುಖ ನನ್ನ ಮಾತು ಕೇಳುವುದಿಲ್ಲ.

ವಿಷಯ ಇಷ್ಟು. ಸಿಂಧನೂರಿನ ನಮ್ಮ ಮನೆಯ ಹಿಂದಿನ ಪಡಸಾಲೆಯಲ್ಲಿ ನನ್ನ ಹೆಂಡತಿ ನಾಲ್ಕು ಜನ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ಜೋಳದ ರೊಟ್ಟಿ, ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿ ಮಾಡುತ್ತಾಳೆ. ಒಬ್ಬ ದೊಡ್ಡ ವ್ಯಾಪಾರಿ ಬಂದು, "ಇದ್ದಷ್ಟೂ ಮಾಲು ನಾನ ತಗೋತೀನಿ. ಆದ್ರ ಪಾಕೀಟಿನ ಮ್ಯಾಲೆ ನನ್ನ ಹೆಸರು ಇರಬೇಕು" ಎಂದ.

ಅವನು ಹೋದ ಮೇಲೆ ಅವಳು, "ಕೈ ಸುಟ್ಕೊಳ್ಳೋರು ನಾವು, ಹೆಸರು ಅವಂದೇನ್ರೀ?" ಎಂದಳು.

ನಾನು, ಆನ್‌ಲೈನ್ ಅಂಗಡಿ ತೆರೆಯೋಣ, ಸಾಫ್ಟ್‌ವೇರ್ ಆರಿಸುವುದು ನನಗೆ ಬಿಡು ಎಂದೆ. ಅವಳು ಕರಾರು ಹಾಕಿದಳು. "ಒಂದು ತಿಂಗಳು ನೋಡ್ತೀನ್ರಿ. ಬೀಗರು, ಬಳಗ ಲೆಕ್ಕಕ್ಕಿಲ್ಲ. ಗುರುತು ಪರಿಚಯ ಇಲ್ಲದ ಒಬ್ಬರರ ನಿಮ್ಮ ಮಷೀನಿನ್ಯಾಗ ರೊಕ್ಕ ಕೊಟ್ಟು ತಗೋಬೇಕು. ಇಲ್ಲಂದ್ರ ಆ ವ್ಯಾಪಾರಿಗೆ ಹ್ಞೂಂ ಅಂತೀನಿ."

ರೊಟ್ಟಿಯ ಅಳತೆ

ನಮ್ಮ ಕೈ ಸಣ್ಣದು. ಮೊದಲು ನೋಡಿದ ದೊಡ್ಡ ಕಂಪನಿಯವರು ತಿಂಗಳ ಬಾಡಿಗೆಯನ್ನು ಡಾಲರಿನಲ್ಲಿ ಕೇಳಿದರು. ಬಿಳಿಜೋಳದ ರೊಟ್ಟಿಗೆ ಡಾಲರಿನ ಬಾಡಿಗೆ ಕಟ್ಟುವುದು ಯಾವ ಪುಸ್ತಕದಲ್ಲೂ ವ್ಯಾಪಾರ ಅನ್ನಿಸಿಕೊಳ್ಳುವುದಿಲ್ಲ. ಬಿಟ್ಟೆ.

ಆಮೇಲೆ ಲಿಂಗಸುಗೂರಿನ ಒಬ್ಬ ತರುಣ ತನ್ನದೇ ಸಾಫ್ಟ್‌ವೇರ್ ಹಿಡಿದುಕೊಂಡು ಮನೆಗೇ ಬಂದ. ದರ ಬಹಳ ಕಡಿಮೆ. ಲ್ಯಾಪ್‌ಟಾಪಿನಲ್ಲಿ ನಮ್ಮ ರೊಟ್ಟಿಯ ಚಿತ್ರ ಹಾಕಿ ತೋರಿಸಿದ. ನಾನು ಚಿತ್ರವನ್ನು ಒತ್ತಿದೆ. "ಅಳತೆ ಆರಿಸಿ" ಎಂದು ಬಂತು. ಸ್ಮಾಲ್, ಮೀಡಿಯಂ, ಲಾರ್ಜ್, ಎಕ್ಸ್‌ಎಲ್. ಅದರ ಕೆಳಗೆ "ಬಣ್ಣ ಆರಿಸಿ".

"ಇದೇನಪ್ಪಾ?" ಎಂದೆ.

"ಮೊದ್ಲ ಅಂಗಿ ಅಂಗಡಿಗೆ ಮಾಡಿದ್ದು ಸರ. ಅಂಗಿ ಏನು, ರೊಟ್ಟಿ ಏನು, ಎರಡೂ ಮಡಚಿ ಪಾಕೀಟಿನ್ಯಾಗ ಹಾಕೋದ ಅಲ್ರೀ."

"ಖಡಕ್ ರೊಟ್ಟಿ ಮಡಚುವುದಿಲ್ಲ. ಮುರಿಯುತ್ತದೆ."

ಪುಟದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: "ಮೈಗೆ ಸರಿಹೋಗದಿದ್ದರೆ ಒಗೆಯದೆ ಹಿಂದಿರುಗಿಸಿ." ನಾನು ಲ್ಯಾಪ್‌ಟಾಪ್ ಮುಚ್ಚಿ ಅವನ ಕೈಗೆ ಕೊಡುತ್ತಿದ್ದೆ. ಅಷ್ಟರಲ್ಲಿ ಹೆಂಡತಿ ಚಹಾ ತಂದವಳು ಬಗ್ಗಿ ನೋಡಿ, "ಆ ಎಕ್ಸ್‌ಎಲ್ ಒಂದು ಇರಲಿ ಬಿಡ್ರಿ. ನಮ್ಮಣ್ಣ ಬಂದಾಗ ಬೇಕಾಗ್ತದ" ಎಂದಳು.

ಷರತ್ತು ಓದಿದವನು

ಮೂರನೆಯದು ಒಂದು ಸಣ್ಣ ಕಂಪನಿ. ಒಂದು ತಿಂಗಳು ಪುಕ್ಕಟೆ, ಇಷ್ಟವಾದರೆ ಮುಂದೆ ಕೈಗೆಟುಕುವ ಬಾಡಿಗೆ. ಕೊಳ್ಳುವವರು ಬೇಕಾದದ್ದನ್ನು ಹಾಕಿಕೊಳ್ಳುವ ಕಾರ್ಟ್ ಇತ್ತು. ನನ್ನ ಹೆಂಡತಿ ಅದಕ್ಕೆ ಮೊದಲ ದಿನವೇ ಚೀಲ ಎಂದು ಹೆಸರಿಟ್ಟಳು. ಸಹಿ ಹಾಕುವ ಮುನ್ನ ನಾನು ಅವರ ಷರತ್ತುಗಳನ್ನೆಲ್ಲ ಮೊದಲಿಂದ ಕೊನೆಯವರೆಗೆ ಓದಿದೆ. ಓದಿ, ಅವರ ಬೆಂಗಳೂರಿನ ಕಚೇರಿಗೆ ಫೋನ್ ಮಾಡಿದೆ.

"ಪುಕ್ಕಟೆ ಯೋಜನೆಯಲ್ಲಿ ಒಂದು ಚೀಲಕ್ಕೆ ಒಂದು ವಸ್ತುವನ್ನು ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಹಾಕುವಂತಿಲ್ಲ ಎಂದಿದೆ. ಯಾಕೆ?"

ಆ ಕಡೆಯ ಹುಡುಗಿ ಕೇಳಿದಳು, "ಹಾಗಂತ ಎಲ್ಲಿದೆ ಸರ್?"

ಪುಟ ಹೇಳಿದೆ. ಅವಳು ಹುಡುಕಿ ನೋಡಿದಳು. "ಸರ್, ನೀವು ಅದನ್ನ ಓದಿದ್ರಾ?"

ಓದದೆ ಸಹಿ ಹಾಕುವ ಚಾಳಿ ನನಗಿಲ್ಲ ಎಂದೆ. ಮರುದಿನ ಅವರ ಮ್ಯಾನೇಜರನೇ ಫೋನ್ ಮಾಡಿದ. ಬಹಳ ವಿನಯವಂತ. "ಸರ್, ನಿಮಗೆ ಪುರುಸೊತ್ತಿದ್ರೆ, ಉಳಿದ ಷರತ್ತಿನಲ್ಲಿ ಏನೇನಿದೆ ಅಂತ ಸ್ವಲ್ಪ ಹೇಳ್ತೀರಾ?"

ತೊಂಬತ್ತೊಂಬತ್ತರ ವಿಷಯ ಹೆಂಡತಿಗೆ ಹೇಳಿದೆ. "ನೂರು ರೊಟ್ಟಿ ಒಮ್ಮೆಲೇ ಯಾರು ತಗೋತಾರ್ರೀ?" ಎಂದಳು. ಅದೂ ಸರಿಯೇ. ಅಂಗಡಿ ತೆರೆದೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ನಿಯಮ ಬರೆಸಿದೆ: ಒಂದೇ ದರ. ಫೋನಿನಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಬಂದ ಆರ್ಡರ್ ಎಷ್ಟೇ ಸಣ್ಣದಿದ್ದರೂ ಮುಟ್ಟಿಸಲಾಗುವುದು.

ಬಿಟ್ಟುಹೋದ ಸಾಮಾನು

ಮೊದಲ ಗಿರಾಕಿ ಲಿಂಗಸುಗೂರಿನಲ್ಲಿರುವ ನನ್ನ ಹೆಂಡತಿಯ ಅಕ್ಕ. ಮೊಬೈಲಿನಲ್ಲಿ ಚೀಲಕ್ಕೆ ಇಪ್ಪತ್ತು ರೊಟ್ಟಿ ಹಾಕಿದರು. ಅಷ್ಟರಲ್ಲಿ ಹಾಲು ಉಕ್ಕಿತಂತೆ, ಎದ್ದು ಹೋದರು. ಚೀಲವನ್ನು ಹಾಗೇ ಬಿಟ್ಟವರಿಗೆ ಸಾಫ್ಟ್‌ವೇರ್ ತಾನೇ ನೆನಪಿನ ಸಂದೇಶ ಕಳಿಸುತ್ತದೆ. ಕಳಿಸಿತು: "ನೀವು ನಮ್ಮಲ್ಲಿ ಏನನ್ನೋ ಬಿಟ್ಟುಹೋಗಿದ್ದೀರಿ."

ಮರುದಿನ ಹನ್ನೊಂದರ ಬಸ್ಸಿಗೆ ಅಕ್ಕ ಸಿಂಧನೂರಿಗೆ ಬಂದಿಳಿದರು.

"ಹೋದ ತಿಂಗಳು ಬಂದಾಗ ಏನು ಬಿಟ್ಟು ಹೋಗೀನ್ರೀ? ರಾತ್ರಿಯೆಲ್ಲ ಟ್ರಂಕು ತೆಗದು ನೋಡೀನಿ. ನಿಮ್ಮ ಮೆಸೇಜು ಒಂದ ಸಲ ಅಲ್ಲ, ಮೂರು ಸಲ ಬಂತು. ಅಂದ್ರ ಬಂಗಾರದ್ದ ಇರಬೇಕು ಅಂದ್ಕೊಂಡೆ."

ಅದು ಮಷೀನು ಕಳಿಸಿದ್ದು ಎಂದು ನಾನು ಸಾವಧಾನವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿದರು. ಸಂಜೆ ಹೊರಡುವಾಗ ಅವೇ ಇಪ್ಪತ್ತು ರೊಟ್ಟಿ ಎತ್ತಿ ಕೈಚೀಲಕ್ಕೆ ಹಾಕಿಕೊಂಡು, "ಬಿಟ್ಟು ಹೋದದ್ದು ಇದ ಅಲ್ರೀ? ಒಯ್ತೀನಿ" ಎಂದರು. ತವರಿನವರಿಗೆ ಬಿಲ್ಲು ಮಾಡುವ ಬಟನ್ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಅಮಾನ್ಯ

ನಮ್ಮ ಎದುರುಮನೆಯವರು ಬಟ್ಟೆ ವ್ಯಾಪಾರಿ, ಸಾಹೇಬರು. ಒಂದು ಬೆಳಿಗ್ಗೆ ಮೊಬೈಲ್ ಹಿಡಿದು, ಮುಖ ಇಳಿಸಿಕೊಂಡು ಬಂದರು.

"ಕ್ಯಾ ಸಾಬ್, ಇಷ್ಟು ವರ್ಷದ ದೋಸ್ತಿ ನಮ್ದು. ನಿಮ್ಮ ಮಷೀನು ನನ್ನನ್ನ ಅಮಾನ್ಯ ಅಂತೈತಲ್ರೀ."

ನೋಡಿದೆ. ರಿಯಾಯಿತಿ ಕೂಪನ್ನಿನ ಸಂಖ್ಯೆ ಬರೆಯುವ ಜಾಗದಲ್ಲಿ ಅವರು, "ಎದುರುಮನಿಯವ. ನೋಡಿ ಹಾಕ್ರಿ" ಎಂದು ಬರೆದಿದ್ದರು.

ಅವರೊಬ್ಬರೇ ಅಲ್ಲ. ಊರಿಗೆ ಊರೇ ಆ ಖಾಲಿ ಜಾಗವನ್ನು ಚೌಕಾಸಿಗೆ ಇಟ್ಟದ್ದು ಎಂದು ತಿಳಿದುಕೊಂಡಿತ್ತು. "ಮ್ಯಾಲಿನ ಹತ್ತು ರೂಪಾಯಿ ಬಿಡ್ರಿ" ಎಂದು ಒಬ್ಬರು. "ಕೊಂಚಂ ತಗ್ಗಿಂಚಂಡಿ" ಎಂದು, ಸ್ವಲ್ಪ ಇಳಿಸಿ ಕೊಡಿ ಅಂತ ತೆಲುಗಿನಲ್ಲಿ, ಕಾಲುವೆ ಕಡೆಯ ಕ್ಯಾಂಪಿನವರೊಬ್ಬರು. "ಸರ್, ನಾನು ನಿಮ್ಮ ಸ್ಟೂಡೆಂಟು, ಬಿ.ಕಾಂ., ಕಡೇ ಬೆಂಚು" ಎಂದು ಇನ್ನೊಬ್ಬ. ಎಲ್ಲರಿಗೂ ಮಷೀನು ಒಂದೇ ಉತ್ತರ ಕೊಟ್ಟಿತ್ತು: ಅಮಾನ್ಯ. ಕಡೇ ಬೆಂಚಿನವನ ವಿಷಯದಲ್ಲಿ ಅದು ತಪ್ಪೇನೂ ಹೇಳಿರಲಿಲ್ಲ. ಚೌಕಾಸಿ ನಡೆಯದ್ದು ಕಂಡು ಯಾರೊಬ್ಬರೂ ಕೊಳ್ಳಲಿಲ್ಲ.

"ಕಡೀಕ ಸಲಾಂ ಅಂತ ಬರದು ನೋಡಿದೆ ಸಾಬ್" ಎಂದರು ಸಾಹೇಬರು. "ಅದಕ್ಕೂ ಅಮಾನ್ಯ ಅಂತು. ಇಷ್ಟು ಖಡಕ್ ಮಷೀನು ಎಲ್ಲಿಂದ ಹಿಡಕೊಂಡು ಬಂದ್ರಿ?"

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ನಮ್ಮ ಮನಿಯವರನ್ನ ನೋಡಿ ಮಾಡ್ಯಾರ ಸಾಹೇಬ್ರ."

ಕೊಸರು

ತಿಂಗಳು ಮುಗಿಯುತ್ತ ಬಂತು, ಪರಿಚಯವಿಲ್ಲದ ಒಬ್ಬ ಗಿರಾಕಿಯೂ ಇಲ್ಲ. ಆ ವ್ಯಾಪಾರಿ ತನ್ನ ಹೆಸರು ಅಚ್ಚಾದ ಪಾಕೀಟಿನ ಮಾದರಿಯನ್ನೇ ಕಳಿಸಿಕೊಟ್ಟ. ಹೆಂಡತಿ ಅದನ್ನು ಕಪಾಟಿನ ಮೇಲೆ ಬೋರಲು ಹಾಕಿಟ್ಟು ನನ್ನ ಮುಂದೆ ಬಂದು ಕೂತಳು.

"ನಿಮ್ಮ ಅಂಗಡ್ಯಾಗ ಕೊಸರಿಲ್ರೀ. ಅದಕ್ಕ ಮಂದಿ ಬರವಲ್ರು."

ಅಳೆದು ಕೊಟ್ಟ ಮೇಲೆ ಕೈಯೆತ್ತಿ ಹಾಕುವ ಮೇಲಿನ ಒಂದು ಹಿಡಿ, ಒಂದು ಕಾಯಿ, ಅದೇ ಕೊಸರು. ಒಂದು ದರವೆಂದರೆ ಒಂದು ಲೆಕ್ಕ, ಲೆಕ್ಕದ ಹೊರಗೆ ಏನೂ ಇಲ್ಲ ಎಂದೆ. ರೊಟ್ಟಿ ಬಡಿಯುತ್ತಿದ್ದ ನಾಲ್ವರೂ ಬಡಿಯುವುದು ನಿಲ್ಲಿಸಿದರು. ಅವರಲ್ಲಿ ಹಿರಿಯಳು, "ಕೊಸರಿಲ್ಲದ ಅಂಗಡಿ ಅಂದ್ರ ದವಾಖಾನಿ ಇದ್ದಂಗ ಬಿಡ್ರೀ ಸರ. ಯಾರರ ಖುಷೀಲೆ ಹೋಗ್ತಾರೇನು?" ಎಂದಳು.

ಐದು ಜನರ ಬಹುಮತ. ನಾನು ಸೊನ್ನೆ ರೂಪಾಯಿ ದರದಲ್ಲಿ "ಕೊಸರು: ರೊಟ್ಟಿ ಒಂದು, ಚೀಲಕ್ಕೆ ಒಂದೇ" ಎಂಬ ಹೊಸ ವಸ್ತು ಸೇರಿಸಿದೆ. ಏನಾದರೂ ಕೊಂಡವರಿಗೆ ಮಾತ್ರ ಎಂಬ ಷರತ್ತು ಹಾಕಲು ಹೋದೆ. ಆ ಷರತ್ತು ಬಾಡಿಗೆ ಕಟ್ಟಿದವರಿಗೆ ಮಾತ್ರವಂತೆ. ಪುಕ್ಕಟೆ ಯೋಜನೆಯಲ್ಲಿ ನಂಬಿಕೆಯೊಂದೇ ಷರತ್ತು.

ತಿಂಗಳ ಕೊನೆಯ ದಿನ ಬೆಳಿಗ್ಗೆ ಮೊಬೈಲು ಗಂಟೆ ಬಾರಿಸಿತು. ಮಸ್ಕಿಯಿಂದ, ಕೇಳರಿಯದ ಹೆಸರು. ಎಲ್ಲರೂ ಮೊಬೈಲಿಗೆ ಮುಗಿಬಿದ್ದೆವು. ಚೀಲದಲ್ಲಿ: ಕೊಸರು, ಒಂದು. ಒಟ್ಟು ಮೊತ್ತ: ಸೊನ್ನೆ.

ಮಸ್ಕಿಯ ಚೀಲ

"ಇದು ಲೆಕ್ಕಕ್ಕಿಲ್ರಿ. ರೊಕ್ಕ ಕೊಟ್ಟಿಲ್ಲ" ಎಂದಳು ಹೆಂಡತಿ.

ಲೆಕ್ಕಕ್ಕಿಲ್ಲದಿದ್ದರೂ ನಿಯಮಕ್ಕಿದೆ. ಬಂದ ಆರ್ಡರ್ ಎಷ್ಟೇ ಸಣ್ಣದಿದ್ದರೂ ಮುಟ್ಟಿಸಬೇಕು. ಒಂದು ರೊಟ್ಟಿಯನ್ನು ಎರಡು ರಟ್ಟಿನ ನಡುವೆ ಇಟ್ಟು ಕಟ್ಟಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಸಿಗುವ ಮಸ್ಕಿಯವರೆಗೂ ತೊಡೆಯ ಮೇಲಿಟ್ಟುಕೊಂಡೇ ಕೂತೆ. ಕಂಡಕ್ಟರು, "ಫೋಟೋ ಏನ್ರೀ ಸರ?" ಎಂದ. "ಆರ್ಡರ್" ಎಂದೆ.

ವಿಳಾಸದ ಮನೆಯ ಅಂಗಳದಲ್ಲಿ ಹಂಡೆ, ಕೊಪ್ಪರಿಗೆಗಳ ಸಾಲೇ ಇತ್ತು. ಆತ ಮದುವೆಮನೆಗಳ ಅಡುಗೆ ಗುತ್ತಿಗೆ ಹಿಡಿಯುವ ಮನುಷ್ಯ. ನಾನು ರಟ್ಟು ಬಿಚ್ಚಿ ರೊಟ್ಟಿ ಕೈಗಿತ್ತೆ. ಕಿವಿಯ ಹತ್ತಿರ ಹಿಡಿದು ಮುರಿದ. ಚಟ್ ಎಂದಿತು. ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ.

"ಮಾಲು ತಗೊಳ್ಳೋ ಮೊದ್ಲ ಒಂದು ಚೂರು ತಿಂದು ನೋಡ್ತೀವಲ್ರೀ. ಮೊಬೈಲಿನ್ಯಾಗ ಹೆಂಗ ತಿನ್ನಬೇಕು? ಅದಕ್ಕ ಕೊಸರು ಒತ್ತಿದೆ. ಇದೊಂದು ರೊಟ್ಟಿಗೆ ನೀವ ಬಂದೀರೇನು?"

"ನಿಯಮ" ಎಂದೆ.

"ಹಂಗಾದ್ರ ಒಂದು ಮದುವಿ ಐತಿ. ಸಾವಿರ ರೊಟ್ಟಿ ಕಳಸ್ರಿ. ನಿಮ್ಮ ಮನ್ಯಾಗ ಫೋನ್ ಮಾಡಿ ಹೇಳಿಬಿಡ್ತೀನಿ."

"ಫೋನಿನಲ್ಲಿ ತೆಗೆದುಕೊಳ್ಳುವುದಿಲ್ಲ. ಚೀಲದಲ್ಲೇ ಆಗಬೇಕು, ಇವತ್ತೇ."

"ಸಾವಿರ ಹಾಕಿದ್ರ ಹಿಡಿಯವಲ್ದು ಸರ."

"ತೊಂಬತ್ತೊಂಬತ್ತು ಹಾಕಿ. ಮೇಲೊಂದು ಕೊಸರು ಒತ್ತಿ, ನೂರಾಗುತ್ತದೆ. ರೊಕ್ಕ ಕಟ್ಟಿ. ಆಮೇಲೆ ಹೊಸ ಚೀಲ. ಹೀಗೆ ಹತ್ತು ಚೀಲ."

ಲೆಕ್ಕ ಅಷ್ಟು ಚೊಕ್ಕವಾಗಿ ಕೂತದ್ದು ಕಂಡು ನನಗೇ ಹೆಮ್ಮೆಯಾಯಿತು. ಮೊದಲ ಚೀಲಕ್ಕೆ ರೊಕ್ಕ ಬಿದ್ದ ಕೂಡಲೇ ಹೆಂಡತಿಯ ಫೋನ್ ಬಂತು. ಹಿಂದೆ ನಾಲ್ವರ ನಗು ಕೇಳಿಸುತ್ತಿತ್ತು. "ಬಿತ್ರೀ, ಚೀಲ ಬಿತ್ತು. ಆ ವ್ಯಾಪಾರಿಗೆ ಬರಬ್ಯಾಡ ಅಂತ ಹೇಳಿಬಿಟ್ಟೆ. ಅವನ ಪಾಕೀಟು ಒಲಿಗೆ ಹಾಕೀನಿ." ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಗುತ್ತಿಗೆಯ ಮನುಷ್ಯ ಎರಡನೇ ಚೀಲ ತೆರೆದವನು ಬೆರಳು ಎತ್ತಿ ಹಿಡಿದು ಕೂತುಬಿಟ್ಟಿದ್ದ.

"ಸರ, ಒಂದು ಮಾತು. ಚೀಲಕ್ಕೊಂದು ಕೊಸರು, ಹೌದಲ್ರೀ?"

"ಹೌದು."

"ಹಂಗಾದ್ರ ನಾ ಚೀಲಕ್ಕ ಒಂದ ರೊಟ್ಟಿ ಹಾಕಿ, ಒಂದು ಕೊಸರು ಒತ್ತಿದ್ರ? ಅರ್ಧ ರೊಕ್ಕದಾಗ ಮದುವಿ ಮುಗೀತದಲ್ರೀ. ಮನ್ಯಾಗ ಹುಡುಗೂರು ಭಾಳ ಅದಾರ, ಕೂತು ಒತ್ತತಾರ."

ಅಂಕಿಯಲ್ಲಿ ತಪ್ಪಿರಲಿಲ್ಲ. ನಿಯಮದಲ್ಲೂ ಇರಲಿಲ್ಲ. ನಾನು ಆತನ ಮೊಬೈಲಿನ ಮೇಲೆ ಮೆಲ್ಲಗೆ ಕೈಯಿಟ್ಟೆ.

"ಉಳಿದದ್ದನ್ನು ಫೋನಿನಲ್ಲೇ ಹೇಳಿಬಿಡಿ" ಎಂದೆ.

ಆತ ನಕ್ಕು, ನಮ್ಮ ಮನೆಯ ನಂಬರು ಒತ್ತಿ ಸ್ಪೀಕರ್ ಹಾಕಿದ. "ಅಕ್ಕಾರ, ಇನ್ನೂ ಒಂಬತ್ತುನೂರು ರೊಟ್ಟಿ ಬರಕೊಳ್ರಿ."

"ಫೋನಿನ್ಯಾಗ ಆರ್ಡರ್ ತಗೊಳ್ಳಂಗಿಲ್ರೀ ಅಣ್ಣಾರ" ಎಂದಳು ನನ್ನ ಹೆಂಡತಿ. "ನಮ್ಮ ಮನಿಯವರು ಭಾಳ ಕಟ್ಟುನಿಟ್ಟು. ಚೀಲದಾಗ ಹಾಕ್ರಿ."