ಅತ್ತಿಯ ಎಳ್ಳಮಾವಾಸ್ಯೆ ಸಮನ್ಸು

ನಮ್ಮ ಅತ್ತಿ ಕರೆದ ಮೇಲೂ ಹೋಗದೆ ಉಳಿದ ಧೀರ ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಆಕೆ ತೊಟ್ಟಿಲ ಸಮೇತ ತರಿಸಿಕೊಳ್ಳುತ್ತಾಳೆ ಬಿಡಿ!

ಅತ್ತಿ ಎಂದರೆ ನನ್ನ ಅಪ್ಪನ ಅಕ್ಕ. ಆಕೆಯದು ಕೊಡ್ಲಿ ಎಂಬ ಊರು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಇಡೀ ಬಳಗವನ್ನು ಜೋಳದ ಬೆಳೆಯ ಪಕ್ಕ ಕೂಡಿಸಿ ಉಣಿಸುವುದು ಆಕೆಯ ವರ್ಷದ ವ್ರತ. ಬೇರೆಯವರು ಆಮಂತ್ರಣ ಕಳಿಸುತ್ತಾರೆ; ಅತ್ತಿಯದು ಸಮನ್ಸು. ದೀಪಾವಳಿ ಮುಗಿಯಿತೋ ಇಲ್ಲವೋ, ಬಸ್ಸು ಹತ್ತಿ ಸೇಡಂ, ವಾಡಿ, ಶಹಾಬಾದ್ ಎಂದು ಮನೆಮನೆಗೆ ಹೋಗಿ ಕುಳಿತುಬಿಡುವಳು. "ಬರ್ತೀವಿ" ಎನ್ನುವ ತನಕ ಚಹಾ ಮುಟ್ಟುವುದಿಲ್ಲ. ಅಂದ ಮೇಲೆ ಊಟ ಮಾಡದೆ ಏಳುವುದಿಲ್ಲ!

ನಾನಾಗ ಚಿತ್ತಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಅಮಾವಾಸ್ಯೆಯ ಹಿಂದಿನ ದಿನವೇ ಬರಬೇಕೆಂದು ಹುಕುಂ ಆಯಿತು.

"ನಮ್ಮ ಸಾಹೇಬ್ರು ರಜಾ ಕೊಡಂಗಿಲ್ಲ ಅತ್ತಿ" ಎಂದೆ, ಮುಖವನ್ನು ಆದಷ್ಟು ಬಾಡಿಸಿಕೊಂಡು.

ಮರುದಿನ ನೋಡುತ್ತೇನೆ, ಅತ್ತಿ ಸಾಹೇಬರ ಮೇಜಿನ ಮುಂದೆಯೇ ನಿಂತಿದ್ದಾಳೆ! "ಯಾಕ್ರಿ ಸಾಹೇಬ್ರ, ನಮ್ಮ ಹುಡುಗಗ ರಜಾ ಕೊಡಂಗಿಲ್ಲಂತಲ್ರಿ?"

ಸಾಹೇಬರು ಮೈಸೂರು ಕಡೆಯವರು, ಮೆತ್ತನೆಯ ಮನುಷ್ಯ. "ಅವರು ಕೇಳೇ ಇಲ್ವಲ್ಲಮ್ಮ" ಎಂದುಬಿಟ್ಟರು.

ಅತ್ತಿ ನನ್ನತ್ತ ತಿರುಗಿಯೂ ನೋಡಲಿಲ್ಲ. "ಹಂಗಾದ್ರ ನೀವೂ ಬರ್ರಿ" ಎಂದಳು. ಸಾಹೇಬರು ಸಂಸಾರ ಸಮೇತ ಬಂದರು. ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡರು. ಮುಂದೆ ಅವರಿಗೆ ವರ್ಗವಾಗುವ ತನಕ, ನಾನು ಜ್ವರ ಎಂದರೂ ಅತ್ತಿಯನ್ನು ಕೇಳದೆ ನಂಬುತ್ತಿರಲಿಲ್ಲ!

ಆ ವರ್ಷದ ನಿಜವಾದ ಸಂಕಟ ಬೇರೆ ಇತ್ತು. ಅಪ್ಪನ ತಮ್ಮ, ಸೇಡಂನ ಕಾಕಾ, ತನ್ನ ಮಗಳ ಮದುವೆಯಲ್ಲಿ ಅಪ್ಪನನ್ನು ಫೋಟೋಕ್ಕೆ ಕರೆದಿರಲಿಲ್ಲ. ಅಷ್ಟೇ! ಒಡಹುಟ್ಟಿದ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಅತ್ತಿ ಇಬ್ಬರನ್ನೂ ಒಂದೇ ಕಂಬಳಿಯ ಮೇಲೆ ಕೂಡಿಸಿ, ನಡುವೆ ಒಂದೇ ಭಜ್ಜಿಯ ಬೋಗುಣಿ ಇಟ್ಟಳು. ಉಪ್ಪಿನ ಬಟ್ಟಲು ಕಾಕಾನ ಕಡೆ ಉಳಿಯಿತು. ಉಳಿಯಿತೋ, ಉಳಿಸಿದಳೋ?

"ಅಕ್ಕಾ, ಅವನಿಗಿ ಉಪ್ಪು ಕೊಡು ಅನ್ನು" ಎಂದ ಅಪ್ಪ.

"ನಂಗ ಕಿವಿ ಕೇಳವಲ್ವು" ಎಂದಳು ಅತ್ತಿ. ಮೂರು ಹೊಲದಾಚೆ ಎಮ್ಮೆ ಕೆಮ್ಮಿದರೂ ಕೇಳಿಸುವ ಕಿವಿ ಅದು!

ಅಪ್ಪ ಸಜ್ಜಿ ರೊಟ್ಟಿ ಮುರಿದ, ನುಂಗಿದ, ಕೊನೆಗೆ ಗಂಟಲು ಸರಿಮಾಡಿಕೊಂಡ. "ಉಪ್ಪು ಕೊಡೋ."

ಕಾಕಾ ಬಟ್ಟಲು ಸರಿಸುತ್ತ, "ಬೀಪಿ ಅದ ನಿನಗ. ಕಮ್ಮಿ ತಿನ್ನು" ಎಂದ.

"ನನ್ನ ಬೀಪಿ ನಿನಗ್ಯಾಕ? ಫೋಟೋದಾಗ ಬೇಡಾದವನು ನಾನು!"

ಅಲ್ಲಿಂದ ಹತ್ತಿಕೊಂಡದ್ದು ಸಂಜೆಯ ತನಕ ಆರಲಿಲ್ಲ. ಮಾತು ಬಿಟ್ಟವರು ಜಗಳಕ್ಕೆ ಬಡ್ತಿ ಪಡೆದಿದ್ದರು! ಅತ್ತಿ ಮಾತ್ರ ಮಳೆ ಬಂದ ಹೊಲ ನೋಡುವಂತೆ ಇಬ್ಬರನ್ನೂ ನೋಡುತ್ತ ಕುಳಿತಿದ್ದಳು.

ಹೊತ್ತು ಇಳಿದಾಗ ಪಾತ್ರೆ ಕೂಡಿಸುತ್ತಿದ್ದ ಅತ್ತಿಯನ್ನು ಛೇಡಿಸಿದೆ: "ಒಂದು ವರ್ಷ ಇದೆಲ್ಲಾ ಬಿಟ್ರ ಏನಾಗ್ತದ ಅತ್ತಿ?"

ಆಕೆ ತಲೆ ಎತ್ತಲಿಲ್ಲ. "ನಮ್ಮ ಮನಿಯವರು, ನಿಮ್ಮ ಮಾಮಾ, ತೀರಿದ ದಿನ ನೀವೆಲ್ಲಾ ಬಂದಿದ್ರಿ. ಅಳ್ಕೋತ ನೋಡಿದ್ರ ಅಂಗಳದ ತುಂಬ ನಮ್ಮವರೇ. ಅಷ್ಟು ದುಃಖದಾಗೂ ಒಂದು ಗಳಿಗಿ ಖುಷಿ ಆಯ್ತು ನೋಡಪಾ. ಭಾಳ ನಾಚಿಕಿ ಬಂತು. ಮತ್ತ ಇವರೆಲ್ಲಾ ಕೂಡಬೇಕಂದ್ರ ಇನ್ನೊಬ್ರು ಸಾಯಬೇಕೇನು ಅನ್ನಿಸ್ತು. ಅದಕ್ಕ ಕರೀತೀನಿ."

ಆಕೆಯ ಕೈಯಲ್ಲಿದ್ದ ಅಂಬಲಿ ಕೊಡವನ್ನು ತೆಗೆದುಕೊಳ್ಳಲು ಹೋದೆ. ಆಕೆ ಬಿಡಲಿಲ್ಲ. ನಾನೂ ಬಿಡಲಿಲ್ಲ. ಇಬ್ಬರೂ ಹಿಡಿದುಕೊಂಡೇ ಬಂಡಿಯ ಕಡೆ ನಡೆದೆವು.