ಕೌದಿಯ ಜಾತಕ

ಕೆನಡಾದ ವಾನ್ ಊರಿನ ನಮ್ಮ ಪುಟ್ಟ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಬರುವ ಪ್ರತಿ ವಸ್ತುವಿನ ಹೆಸರು, ಬಳಕೆ, ವಯಸ್ಸು, ಕಲೆ, ಬಿರುಕು ಎಲ್ಲವನ್ನೂ ಕಂಪ್ಯೂಟರಿಗೆ ತುಂಬುವುದು ನನ್ನ ಕೆಲಸ. ಆಫೀಸಿನವರು ಇದನ್ನು ಮೆಟಾಡೇಟಾ ಅನ್ನುತ್ತಾರೆ. ನನ್ನ ಪ್ರಕಾರ ಜಾತಕ ಬರೆಯುವುದು. ವಸ್ತುಗಳೇನೋ ಸುಮ್ಮನಿರುತ್ತವೆ, ಅವುಗಳ ಮನೆಯವರು ಸುಮ್ಮನಿರುವುದಿಲ್ಲ. ಕನ್ನಡದವರ ಹಳೇ ಮನೆಸಾಮಾನಿನ ಪ್ರದರ್ಶನ ಮಾಡಿದಾಗಂತೂ ದಿನಕ್ಕೊಂದು ತಮಾಷೆ.

ಈಳಿಗೆಮಣೆ

ನನ್ನ ಕೆನಡಾದ ಸಹೋದ್ಯೋಗಿ ಅದನ್ನು ‘ಆಯುಧ’ ಅಂತ ಸೇರಿಸಿಬಿಟ್ಟಿದ್ದ. ತರಕಾರಿ ಹೆಚ್ಚುವುದಕ್ಕಪ್ಪಾ ಅಂತ ನಾನು ನೆಲದ ಮೇಲೆ ಕೂತು, ಮಣೆ ಮೆಟ್ಟಿ, ಇಲ್ಲದ ಕುಂಬಳಕಾಯಿ ಹೆಚ್ಚಿ ತೋರಿಸಿದೆ. ಮೈಸೂರಿನ ನಮ್ಮಮ್ಮ ನೆನಪಾದಳು. ಅವನು ಎಲ್ಲ ಗಮನವಿಟ್ಟು ನೋಡಿ ತಿದ್ದಿದ: ‘ಕೂತು ಬಳಸುವ ಆಯುಧ.’

ಯಾವ ವರ್ಷದ್ದು

ಪಕ್ಕದೂರು ಥಾರ್ನ್‌ಹಿಲ್‌ನಿಂದ ಧಾರವಾಡದ ಆಂಟಿಯೊಬ್ಬರು ತಮ್ಮ ತಾಯಿ ಹಳೇ ಸೀರೆಗಳಿಂದ ಹೊಲಿದ ಕೌದಿ ತಂದರು.

“ಯಾವ ವರ್ಷ ಹೊಲಿದದ್ದು ಆಂಟಿ?”

“ನಮ್ಮ ಸಣ್ಣ ಕಾಕಾನ ಲಗ್ನ ಆದ ಮರುವರ್ಷ.”

“ಲಗ್ನ ಯಾವಾಗ ಆಯ್ತು?”

“ಕೌದಿ ಹೊಲಿಯೋ ಹಿಂದಿನ ವರ್ಷ.”

ವರ್ಷ ಹಾಕದಿದ್ದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ ಅಂದೆ.

“ಹೋಗದಿದ್ರ ಇರ್ಲಿ ಬಿಡವ್ವಾ. ನಮಗೂ ಏನ್ ಅವಸರ ಐತಿ,” ಅಂತ ಇನ್ನೂ ಸರಿಯಾಗಿ ಕೂತರು.

ಹಳದಿ ಕಲೆ

ಅದೇ ಕೌದಿಯ ನಡುವೆ ಒಂದು ಹಳದಿ ಕಲೆ. ಕಲೆ ಹೇಗಾಯಿತೆಂದೂ ಬರೆಯಬೇಕು.

“ನಮ್ಮ ತಮ್ಮಂದು. ಸಣ್ಣವಿದ್ದಾಗ ನಿದ್ದಿಗಣ್ಣಾಗ ಮಾಡ್ಕೊಂಡಿದ್ದ. ಬರಿ ನೀ,” ಅಂದರು ಆಂಟಿ.

ಬರೆದೆ. ಅದು ಹಾಗೇ ಕೌದಿಯ ಪಕ್ಕದ ಫಲಕಕ್ಕೂ ಹೋಯಿತು. ಆ ತಮ್ಮ ಎಂದರೆ ಇಲ್ಲಿನ ಅರ್ಧ ಕನ್ನಡಿಗರ ನಾಡಿ ಹಿಡಿದ ರಿಟೈರ್ಡ್ ಡಾಕ್ಟರು ಎಂದು ನನಗೆ ಗೊತ್ತಾದದ್ದು, ಉದ್ಘಾಟನೆಯ ದಿನ ಅವರು ಸೂಟು ಹಾಕಿಕೊಂಡು ಬಂದಾಗಲೇ. ಫಲಕ ಓದಿ, ಕೆಂಪಾಗಿ, ನನ್ನನ್ನು ಪಕ್ಕಕ್ಕೆ ಕರೆದರು.

“ತಂಗೀ, ನನ್ನ ಪೇಶಂಟ್ಸು, ಬೀಗರು ಎಲ್ಲಾರೂ ಬಂದಾರ. ಮಾನಾ ಹೋಗ್ತದ. ಅದನ್ನ ತಗದುಬಿಡು.”

ದಾಖಲೆ ಅಳಿಸುವಂತಿಲ್ಲ, ಬೇಕಾದರೆ ನಿಮ್ಮ ಮಾತನ್ನೂ ಸೇರಿಸಬಹುದು ಅಂದೆ. ಅವರು ಗಾಜಿಗೆ ಮುಖವಿಟ್ಟು ಆ ಹೊಲಿಗೆಯನ್ನೇ ನೋಡುತ್ತಾ ನಿಂತರು.

“ಅವ್ವ ಬೈಲಿಲ್ಲ ನೋಡು. ಬಿಸಲಿಗೆ ಒಣಗಿಸಿ, ಮತ್ತ ಇದನ್ನ ನನಗ ಹೊಚ್ಚಿದ್ಲು,” ಅಂದವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಣ್ಣೂ ತುಂಬಿ ಬಂತು. ಇಂಥವರ ಮರ್ಯಾದೆ ಕಳೆದೆನಲ್ಲಾ ಎಂದು ಸಂಕಟವಾಯಿತು.

ಆಮೇಲೆ ಡಾಕ್ಟರು ಸಾವರಿಸಿಕೊಂಡು, “ಹಂಗಾದ್ರ ವಯಸ್ಸರೆ ಬರಿ. ಆಗ ನನಗ ಎರಡು ವರ್ಷ,” ಅಂದರು.

ಹಿಂದೆಯೇ ನಿಂತಿದ್ದ ಅಕ್ಕ ಮೆಲ್ಲಗೆ ಅಂದರು:

“ಹನ್ನೊಂದು.”