ಚಿತ್ತಯ್ಯ ಟಗರು ಮಾರಲು ಹೋದದ್ದು

ಚಿತ್ತಯ್ಯ ಓದಿ ಪಾಸಾದದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಪಾಸಾದ ಮೇಲೂ ಓದುತ್ತೇನೆ ಎಂದನಲ್ಲ, ರಗಳೆ ಶುರುವಾದದ್ದು ಅಲ್ಲಿಂದ.

ಎಪ್ಪತ್ತರ ದಶಕದ ನಡುಭಾಗದ ಮಾತು. ಜವನಗೊಂಡನಹಳ್ಳಿ ಸುತ್ತಿನ ಗೊಲ್ಲರ ಹಟ್ಟಿಗಳಲ್ಲಿ ಆಗ ಎಂಜಿನಿಯರ್ ಎಂದರೆ ಜೀಪಿನಲ್ಲಿ ಬಂದು, ಕಾಲುವೆಯನ್ನು ಒಮ್ಮೆ ನೋಡಿ, ಎಳನೀರು ಕುಡಿದು ಹೋಗುವ ಪ್ರಾಣಿ. ಅಂಥದೊಂದು ಪ್ರಾಣಿ ಕುರಿ ಕಾಯುವ ಗೊಲ್ಲಪ್ಪನ ಮನೆಯಲ್ಲೇ, ಅವನ ಮಗ ಚಿತ್ತಯ್ಯನ ರೂಪದಲ್ಲಿ, ತಯಾರಾಗಿದೆ ಎಂದ ಮೇಲೆ ಕೇಳಬೇಕೆ? ಹಟ್ಟಿಗೆ ಹಟ್ಟಿಯೇ ಬೀಗಿತು. ಬಸ್ಸಿನ ಕಂಡಕ್ಟರ್ ಕೂಡ ನಮ್ಮ ಹಟ್ಟಿಯ ಸ್ಟಾಪು ಬಂದಾಗ "ಎಂಜಿನಿಯರ್ ಹಟ್ಟಿಯೋರು ಇಳೀರಿ" ಎಂದು ಕೂಗುತ್ತಿದ್ದ. ಇಳಿಯುವವರು ಮೀಸೆ ತಿರುವಿಕೊಂಡೇ ಇಳಿಯುತ್ತಿದ್ದರು.

ಅಷ್ಟರಲ್ಲಿ ಚಿತ್ತಯ್ಯನಿಗೆ ಮದ್ರಾಸಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಅದು ಹೊಸ ಬಗೆಯ ಓದು. ಎರಡು ವರ್ಷ, ಅರ್ಧ ಎಂಜಿನಿಯರಿಂಗು, ಅರ್ಧ ವ್ಯಾಪಾರದ ಮ್ಯಾನೇಜ್‌ಮೆಂಟು. ಕಾರ್ಖಾನೆ ಕಟ್ಟಲೂ ಬರಬೇಕು, ಕಟ್ಟಿದ್ದನ್ನು ನಷ್ಟವಿಲ್ಲದೆ ನಡೆಸಲೂ ಬರಬೇಕು. ಚಿತ್ತಯ್ಯ ಅದರ ಹುಚ್ಚು ಹತ್ತಿಸಿಕೊಂಡು ಊಟ ನಿದ್ದೆ ಬಿಟ್ಟಿದ್ದ. ಹಾಜರಾಗುವ ದಿನವೂ ಹತ್ತಿರ ಬಂದಿತ್ತು. ಬುಧವಾರ ರಾತ್ರಿ ಬಸ್ಸು ಹತ್ತದಿದ್ದರೆ ಸೀಟು ಬೇರೆಯವರ ಪಾಲು.

ಹಟ್ಟಿಗೆ ಇದು ಅರ್ಥವಾಗಲಿಲ್ಲ. ಪಾಸಾದವನು ಮತ್ತೆ ಯಾಕೆ ಓದುತ್ತಾನೆ? ಫೇಲಾಗಿರಬೇಕು ಎಂದರು ಕೆಲವರು. ಎಂಜಿನಿಯರುಗಳಿಗೆ ಕೆಲಸ ಸಿಗುತ್ತಿಲ್ಲ, ಅದಕ್ಕೇ ಸರ್ಕಾರ ಅವರಿಗೆ ಅಂಗಡಿ ಇಡುವುದನ್ನು ಕಲಿಸುತ್ತಿದೆ ಎಂದರು ಇನ್ನು ಕೆಲವರು. ಕೊನೆಗೆ ಪ್ರೈಮರಿ ಶಾಲೆಯಿಂದ ನಿವೃತ್ತರಾಗಿದ್ದ ಹನುಮಂತಯ್ಯ ಮೇಷ್ಟ್ರು ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳಿದರು.

"ನೋಡ್ರಪ್ಪ, ಈ ಓದು ಮುಗಿಸಿದೋನು ಅರ್ಧ ಎಂಜಿನಿಯರು, ಅರ್ಧ ಅಂಗಡಿಯೋನು."

"ಈಗ ಪೂರ್ತಿ ಎಂಜಿನಿಯರ್ ಆಗವ್ನಲ್ಲ ಮೇಷ್ಟ್ರೇ. ಅರ್ಧ ಆಗಾಕೆ ಮದ್ರಾಸಿಗೆ ಹೋಗ್ಬೇಕಾ?" ಎಂದು ಯಾರೋ ಕೇಳಿದರು. ಮೇಷ್ಟ್ರು ನಶ್ಯ ಏರಿಸಿದರು.

ಗೊಲ್ಲಪ್ಪನಿಗೂ ಇದೇ ಯೋಚನೆ. ಆತ ಮಾತಿನಲ್ಲಿ ಅರ್ಧ ಹೇಳಿ ಅರ್ಧ ನುಂಗುವ ಮನುಷ್ಯ. ಮಂಗಳವಾರ ಸಂಜೆ ಕಂಬಳಿ ಕೊಡವುತ್ತಾ ಮಗನಿಗೆ ಹೇಳಿದ: "ನಾಳೆ ಹಿರಿಯೂರು ಸಂತೆ. ದೊಡ್ಡ ಟಗರು ಹೊಡ್ಕಂಡು ಹೋಗಿ ನೀನೇ ಮಾರು. ಮದ್ರಾಸಿನ ಮಾತು ಆಮೇಲೆ ಆಡಾಣ."

ಮಾರಿದರೆ ಏನು, ಮಾರದಿದ್ದರೆ ಏನು, ಅದನ್ನು ಗೊಲ್ಲಪ್ಪ ನುಂಗಿದ. ಚಿತ್ತಯ್ಯನಿಗೆ ರಾತ್ರಿಯೆಲ್ಲ ಅದೇ ಕೊರೆತ.

ನಸುಕಿನಲ್ಲಿ ಸೋದರತ್ತೆ ಹುಚ್ಚಕ್ಕ ರಾಗಿ ರೊಟ್ಟಿ ಕಟ್ಟಿಕೊಂಡು ಬಂದಳು. ಗೊಲ್ಲಪ್ಪನ ಅಕ್ಕ ಆಕೆ. ಗಂಡ ತೀರಿಕೊಂಡ ಮೇಲೆ ಮಗಳು ನಾಗಕ್ಕನೊಂದಿಗೆ ಪಕ್ಕದ ಮನೆಯಲ್ಲೇ ಇದ್ದಳು. ತಾಯಿಯಿಲ್ಲದ ಚಿತ್ತಯ್ಯನನ್ನು ಸಾಕಿದವಳೂ ಆಕೆಯೇ. ಅತ್ತೆ ಹೇಳಿದ್ದೇ ಚಿತ್ತಯ್ಯನಿಗೆ ವೇದ. ಅವಳು ಅತ್ತ ಇತ್ತ ನೋಡಿ ದನಿ ತಗ್ಗಿಸಿದಳು.

"ನಿಮ್ಮಪ್ಪ ನಿನ್ನೆ ನನ್ನ ಮುಂದೆ ಬಾಯಿ ಬಿಟ್ಟ ಕಣಪ್ಪ. ಹುಡುಗ ಒಳ್ಳೆ ರೇಟಿಗೆ ಮಾರಿದ್ರೆ ವ್ಯಾಪಾರ ಬಂತು ಅಂತ ಆಯ್ತು, ಇನ್ನ ಮದ್ರಾಸು ಯಾಕೆ ಅಂದ."

"ಹಂಗಾದ್ರೆ ಏನ್ ಮಾಡ್ಲಿ ಅತ್ತೆ?"

"ಕಮ್ಮಿಗೆ ಕೊಟ್ ಬಾ. ಇವನಿಗೆ ಏನೂ ಬರಲ್ಲ, ಎಲ್ಲಾದ್ರೂ ಕಲೀಲಿ ಅಂತ ಅವನೇ ಬಸ್ ಹತ್ತಿಸ್ತಾನೆ."

ಚಿತ್ತಯ್ಯನಿಗೆ ಈ ವಾದ ಲೆಕ್ಕದ ಹಾಗೆ ಸರಿಯಾಗಿ ಕೂತಿತು. ಬಾರದವನಿಗೆ ತಾನೇ ಕಲಿಸುವುದು? ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಪ್ಯಾಂಟು ತೊಟ್ಟು, ಕೈಗೆ ವಾಚು ಕಟ್ಟಿ, ಟಗರಿನ ಹಗ್ಗ ಹಿಡಿದು ರಸ್ತೆಗೆ ಬಂದ. ಅಲ್ಲೊಂದು ಲಾರಿ ನಿಲ್ಲಿಸಿದ. ಏನಾಗುತ್ತದೋ ನೋಡಲೇಬೇಕೆಂದು ಹನುಮಂತಯ್ಯ ಮೇಷ್ಟ್ರೂ ಹತ್ತಿದರು. ಟಗರು ದಾರಿಯುದ್ದಕ್ಕೂ ಮೇಷ್ಟ್ರ ಕೊಡೆಯ ಬಟ್ಟೆಯನ್ನು ಮೆಲ್ಲುತ್ತಾ ಬಂತು.

ಆ ಕಾಲದ ಕುರಿ ಸಂತೆಯನ್ನು ನೋಡದವರಿಗೆ ಹೇಗೆ ಹೇಳುವುದು? ಧೂಳು, ಉಣ್ಣೆಯ ವಾಸನೆ, ಮೆಣಸಿನಕಾಯಿ ಬೋಂಡದ ಹೊಗೆ. ಅಷ್ಟು ಗದ್ದಲದ ನಡುವೆಯೂ ನಿಜವಾದ ವ್ಯಾಪಾರ ನಡೆಯುತ್ತಿದ್ದದ್ದು ಸದ್ದಿಲ್ಲದೆ. ಮಾರುವವನೂ ಕೊಳ್ಳುವವನೂ ಒಂದು ಟವೆಲ್ ಕೆಳಗೆ ಕೈ ಕೈ ಹಿಡಿಯುತ್ತಿದ್ದರು. ಬೆರಳು ಒತ್ತಿದರೆ ಬೆಲೆ, ಕೊಡವಿದರೆ ಬೇಡ, ಗಟ್ಟಿಯಾಗಿ ಹಿಡಿದರೆ ಒಪ್ಪಿಗೆ. ಪಕ್ಕದಲ್ಲಿ ನಿಂತವನಿಗೂ ಬೆಲೆ ತಿಳಿಯುತ್ತಿರಲಿಲ್ಲ. ಎಂಥ ಮರ್ಯಾದೆಯ ವ್ಯಾಪಾರ ಅದು. ಈಗ ಹೂಕೋಸಿಗೂ ಮೈಕಿನಲ್ಲಿ ಕೂಗುತ್ತಾರೆ, ಕೇಳಿದರೆ ನನಗೆ ಮೈ ಉರಿಯುತ್ತದೆ.

ದಲ್ಲಾಳಿ ಮುರುಗಪ್ಪ ಬಂದ. ಹೊಸದುರ್ಗ, ಹೊಳಲ್ಕೆರೆ ಸಂತೆಗಳಲ್ಲೂ ಅವನ ಟವೆಲ್ಲಿಗೆ ಹೆಸರಿತ್ತು. ಟಗರಿನ ಬೆನ್ನು ಅಮುಕಿ, ಹಲ್ಲು ನೋಡಿ, ಒಳಗೊಳಗೇ ಮೆಚ್ಚಿ, ಮುಖ ಮಾತ್ರ ಹಾಗಲಕಾಯಿ ತಿಂದವನಂತೆ ಮಾಡಿಕೊಂಡು ಟವೆಲ್ ಹಾಸಿದ.

ಚಿತ್ತಯ್ಯ ಬಾಯಿಬಿಟ್ಟೇ ಕೇಳಿದ. "ಎಷ್ಟು ಕೊಡ್ತೀರಿ ಹೇಳ್ರಿ, ಕೊಟ್ಬಿಡ್ತೀನಿ."

ಮುರುಗಪ್ಪ ಗಾಬರಿಯಿಂದ ಸುತ್ತ ನೋಡಿದ. "ಬಾಯಲ್ಲಿ ಆಡ್ತಾರೇನ್ರಿ? ನಾಲ್ಕು ಜನ ಓಡಾಡೋ ಜಾಗ ಇದು. ಕೈ ತರ್ರಿ ಇಲ್ಲಿ."

ಟವೆಲ್ ಕೆಳಗೆ ಮುರುಗಪ್ಪ ಚಿತ್ತಯ್ಯನ ಕೈ ಹಿಡಿದು ನಾಲ್ಕು ಬೆರಳು ಒತ್ತಿದ. ಅದು ಒಳ್ಳೆಯ ಬೆಲೆ. ಅತ್ತೆಯ ಮಾತು ನೆನೆದ ಚಿತ್ತಯ್ಯ, ಆ ನಾಲ್ಕರಲ್ಲಿ ಎರಡು ಬೆರಳು ತಾನೇ ಮಡಚಿ, ಉಳಿದ ಎರಡನ್ನು ಮುರುಗಪ್ಪನ ಅಂಗೈಗೆ ಕೊಟ್ಟ. ಮುರುಗಪ್ಪ ಚೇಳು ಕುಟುಕಿದವನಂತೆ ಕೈ ಎಳೆದುಕೊಂಡ. ಬೆಲೆ ಏರಿಸಲು ಬೆರಳು ಬಿಡಿಸುವವರನ್ನು ಅವನು ಕಂಡಿದ್ದ. ಮಾರುವವನೇ ಬೆರಳು ಮಡಚಿದ್ದನ್ನು ಅವನ ಅಪ್ಪನೂ ಕಂಡಿರಲಿಲ್ಲ.

"ಯಾಕ್ರಿ, ಟಗರಿಗೆ ಏನಾದ್ರೂ ರೋಗ ಐತಾ?"

"ಏನೂ ಇಲ್ಲ. ಗಟ್ಟಿಮುಟ್ಟಾಗೈತೆ."

"ಮತ್ಯಾಕ್ರಿ ಕಮ್ಮಿ ಮಾಡ್ತೀರಿ?"

ಚಿತ್ತಯ್ಯ ಟಗರಿನ ಕೊಂಬು ಸವರಿದ. "ಸ್ವಲ್ಪ ಹಾಯುತ್ತೆ. ಕೊಡೆ ತಿನ್ನುತ್ತೆ," ಎಂದ. ಮೇಷ್ಟ್ರು ಹೌದೆನ್ನುತ್ತಾ ಕೊಡೆಯ ತೂತು ತೋರಿಸಿದರು.

ಮುರುಗಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಹಿಂದೆ ಸರಿದ. ಅಷ್ಟು ಸಾಕಾಯಿತು. ಚಿತ್ತಯ್ಯ ಟಗರನ್ನು ಎಳೆದುಕೊಂಡು ಮುಂದಿನವರ ಬಳಿ ಹೋದ, ಅವರೂ ಸರಿದರು. ಅವನು ಬೆಲೆ ಇಳಿಸಿದಷ್ಟೂ ಜನ ದೂರವಾದರು. ಆ ತಿಂಗಳು ಲಾರಿಯಲ್ಲಿ ಕುರಿ ಕದಿಯುವವರ ಹಾವಳಿ ಬೇರೆ ಎದ್ದಿತ್ತು. ಪ್ಯಾಂಟು, ವಾಚು, ಲಾರಿಯಲ್ಲಿ ಬಂದ ಟಗರು, ಅದೂ ಅರ್ಧ ಬೆಲೆಗೆ. ಬೋಂಡ ತಿನ್ನುತ್ತಿದ್ದವರೊಬ್ಬರು ಬೋಂಡ ಬಿಟ್ಟು ಎದ್ದುಬಂದರು.

"ಯಾವ ಹಟ್ಟಿ ನಿಂದು? ಏನ್ ಕೆಲ್ಸ?"

"ಎಂಜಿನಿಯರು," ಎಂದ ಚಿತ್ತಯ್ಯ.

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಕಳ್ಳನಾದವನು ಸುಳ್ಳನ್ನಾದರೂ ನಂಬುವ ಹಾಗೆ ಹೇಳಬಾರದೆ ಎಂದು ಒಬ್ಬ ಮರುಗಿದ. ಸಂತೆ ಕಾಯುತ್ತಿದ್ದ ಪೊಲೀಸ್ ಪೇದೆ ಬಂದು ಇಬ್ಬರನ್ನೂ, ಅಂದರೆ ಚಿತ್ತಯ್ಯನನ್ನೂ ಟಗರನ್ನೂ, ಬೇವಿನ ಮರದ ಕೆಳಗೆ ಕೂರಿಸಿದ.

"ನಿಜ ಹೇಳಪ್ಪ. ಇದನ್ನ ಯಾಕೆ ಅರ್ಧ ರೇಟಿಗೆ ಕೊಡ್ತಿದ್ದೆ?"

"ವ್ಯಾಪಾರ ಕಲಿಯಾಕೆ ಮದ್ರಾಸಿಗೆ ಹೋಗ್ಬೇಕು ಸಾರ್. ಅದಕ್ಕೆ."

"ಹೋಗಲೇಬೇಕು ಬಿಡು ನೀನು," ಎಂದು ಪೇದೆ ಬೀಡಿ ಹಚ್ಚಿದ.

ಸಹಾಯಕ್ಕೆ ಬರಬೇಕಾಗಿದ್ದ ಹನುಮಂತಯ್ಯ ಮೇಷ್ಟ್ರು ಅಷ್ಟರಲ್ಲಿ ಸಂತೆಯ ಈ ತುದಿಯಿಂದ ಆ ತುದಿಗೆ "ನಮ್ಮ ಎಂಜಿನಿಯರನ್ನ ಟಗರು ಕಳ್ಳ ಅಂತ ಹಿಡ್ಕಂಡವ್ರೆ" ಎಂದು ಸಾರಿಕೊಂಡು ಓಡುತ್ತಿದ್ದರು. ಚಿತ್ತಯ್ಯನ ಹೆಸರು ಗೊತ್ತಿಲ್ಲದವರಿಗೂ ಗೊತ್ತಾಯಿತು. ಮಗ ಹೇಗೆ ಮಾರುತ್ತಾನೋ ನೋಡಲೆಂದು ಬಸ್ಸಿನಲ್ಲಿ ಆಗಷ್ಟೇ ಬಂದಿಳಿದ ಗೊಲ್ಲಪ್ಪನ ಕಿವಿಗೂ ಬಿತ್ತು, ಜೊತೆಗಿದ್ದ ಹುಚ್ಚಕ್ಕನ ಕಿವಿಗೂ ಬಿತ್ತು.

ಗೊಲ್ಲಪ್ಪ ಬಂದು ಟಗರಿನ ಕಿವಿ ಮಗುಚಿ ತನ್ನ ಮನೆಯ ಸೀಳುಗುರುತು ತೋರಿಸಿದ. ಪೇದೆ ಒಪ್ಪಿದ. ಗೊಲ್ಲಪ್ಪ ಮುರುಗಪ್ಪನನ್ನು ಕರೆದು, ಟವೆಲ್ ಕೆಳಗೆ ಕೈ ಇಟ್ಟು, ಪೇದೆಯ ಬೀಡಿ ಮುಗಿಯುವುದರೊಳಗೆ ಟಗರನ್ನು ಒಳ್ಳೆಯ ಬೆಲೆಗೆ ಮಾರಿಯೇ ಬಿಟ್ಟ. ಆಮೇಲೆ ಮಗನ ಕಡೆ ತಿರುಗಿದ. "ಇವನ್ನ ಮದ್ರಾಸಿಗೆ ಕಳಿಸಿದ್ರೆ ಆ ಕಾಲೇಜನ್ನೇ ಅರ್ಧ ರೇಟಿಗೆ ಮಾರಿ ಬರ್ತಾನೆ," ಎಂದ.

ಚಿತ್ತಯ್ಯ ಬಾಯಿ ತೆರೆಯುವ ಮೊದಲೇ ಹುಚ್ಚಕ್ಕ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಸಂತೆಯೇ ಬೇವಿನ ಮರದ ಕೆಳಗೆ ನೆರೆಯಿತು.

"ತುಂಬಿದ ಸಂತೇಲಿ ಕಳ್ಳ ಅನ್ನಿಸ್ಕಂಡನಲ್ಲೋ ತಮ್ಮ ನನ್ನ ಮಗ. ಇನ್ನ ಇವನಿಗೆ ಯಾರು ಹೆಣ್ಣು ಕೊಡ್ತಾರೆ? ಯಾರೂ ಬ್ಯಾಡ. ನನ್ನ ಮಗಳು ನಾಗಕ್ಕನ್ನ ನಾನೇ ಕೊಡ್ತೀನಿ. ಆದ್ರೆ ಮದ್ರಾಸು ಗಿದ್ರಾಸು ಅನ್ನಂಗಿಲ್ಲ, ಹಟ್ಟೀಲೇ ಇರ್ಬೇಕು."

ಗೊಲ್ಲಪ್ಪನ ಕಣ್ಣು ತುಂಬಿ ಬಂತು. ಮಾನ ಹೋದ ಹೊತ್ತಿನಲ್ಲಿ ಕೈ ಹಿಡಿದಳಲ್ಲ ಅಕ್ಕ ಎಂದು ಕರಗಿಹೋದ. ಪಕ್ಕದ ಅಂಗಡಿಯಿಂದ ಎಲೆ ಅಡಿಕೆ ತರಿಸಿ, ಮುರುಗಪ್ಪ, ಮೇಷ್ಟ್ರು, ಪೇದೆ, ಎಲ್ಲರ ಎದುರಿಗೇ ಅಕ್ಕನೊಂದಿಗೆ ವೀಳ್ಯ ಬದಲಾಯಿಸಿದ. ನಮ್ಮಲ್ಲಿ ಹತ್ತು ಜನರ ಮುಂದೆ ವೀಳ್ಯ ಬದಲಾಯಿಸಿದರೆ ಮುಗಿಯಿತು, ಸಂಬಂಧವೂ ಒಪ್ಪಿದ ಷರತ್ತೂ ತಾಳಿ ಕಟ್ಟಿದಷ್ಟೇ ಗಟ್ಟಿ. ಪೇದೆಯೂ ಒಂದು ಎಲೆ ಹಾಕಿಕೊಂಡು ಹರಸಿದ.

ಊರಿಗೆ ಹೊರಟ ಲಾರಿಯಲ್ಲಿ ಹುಚ್ಚಕ್ಕ ಡ್ರೈವರ್ ಪಕ್ಕ ಮುಂದೆ ಕೂತಳು. ಹಿಂದೆ ಅಪ್ಪ, ಮಗ, ಮೇಷ್ಟ್ರ ಗೊರಕೆ. ಚಿತ್ತಯ್ಯನಿಗೆ ತಡೆಯಲಾಗಲಿಲ್ಲ.

"ಅಪ್ಪ, ನಾನು ಬೇಕಂತಲೇ ಕಮ್ಮಿ ಕೇಳಿದ್ದು. ಒಳ್ಳೆ ರೇಟಿಗೆ ಮಾರಿದ್ರೆ ನೀನು ಕಳಿಸಲ್ಲ ಅಂದಿದ್ಯಂತೆ."

"ಯಾರ್ಲೇ ಅಂದೋರು? ಒಳ್ಳೆ ರೇಟಿಗೆ ಮಾರಿದ್ರೆ ಅದೇ ದುಡ್ಡು ಕೈಗೆ ಕೊಟ್ಟು ರಾತ್ರಿಗೇ ಬಸ್ ಹತ್ತಿಸ್ತೀನಿ ಅಂದಿದ್ದೆ. ವ್ಯಾಪಾರ ಬರೋ ಹುಡುಗನಿಗೆ ತಾನೇ ಖರ್ಚು ಮಾಡಿ ಕಲಿಸೋದು? ನಿನ್ನೆ ಸಂಜೆ ಅಕ್ಕನ ಮುಂದೆ ಬಿಡಿಸಿ ಹೇಳಿದ್ನಲ್ಲ."

ಹೇಳಿ ಮುಗಿಸಿದ ಗೊಲ್ಲಪ್ಪ ಒಮ್ಮೆ ಲಾರಿಯ ಮುಂಭಾಗ ನೋಡಿದ, ಒಮ್ಮೆ ಮಗನ ಮುಖ ನೋಡಿದ. ಜೇಬಿನಲ್ಲಿ ಟಗರಿನ ದುಡ್ಡು ಹಾಗೇ ಇತ್ತು. ಅದನ್ನು ಮುಟ್ಟಿ ನೋಡಿಕೊಂಡ.

"ವೀಳ್ಯ ಬದಲಾಯ್ಸಿ ಆಯ್ತಲ್ಲೋ ಮಗ," ಎಂದ. ಆ ಹೊತ್ತಿನ ಚಿತ್ತಯ್ಯನನ್ನು ನೆನೆದರೆ ನನಗೆ ಇಂದಿಗೂ ನಗು ಬರುತ್ತದೆ, ನಕ್ಕು ಮುಗಿದ ಮೇಲೆ ಸಂಕಟವಾಗುತ್ತದೆ.

ಸಂಜೆ ಚಿತ್ತಯ್ಯ ಜಗಲಿಯ ಮೇಲೆ ಕೂತಿದ್ದ. ನಾಗಕ್ಕ ಚೊಂಬಿನಲ್ಲಿ ನೀರು ತಂದಳು. ಎಸ್ಸೆಸ್ಸೆಲ್ಸಿ ಪಾಸಾಗಿ ಮೂರು ವರ್ಷವಾಗಿದ್ದ, ಹಟ್ಟಿಯಲ್ಲೇ ಚುರುಕಿನ ಹುಡುಗಿ ಅವಳು.

"ಬಾವ, ಅವ್ವ ಎಲ್ಲ ಹೇಳಿದ್ಲು. ನೀನು ಮದ್ರಾಸಿಗೆ ಹೋದ್ರೆ ಅಲ್ಲೇ ಯಾರನ್ನಾದ್ರೂ ಕಟ್ಕಂತೀಯ ಅಂತ ಹಿಂಗೆ ಮಾಡಿದ್ಲಂತೆ."

"ನಾನ್ಯಾಕೆ ಬೇರೆಯೋರನ್ನ ಕಟ್ಕಳ್ಳಲಿ? ಓದು ಮುಗಿಸ್ಕಂಡು ಬಂದು ನಿನ್ನನ್ನೇ ಕೇಳಾಣ ಅಂದ್ಕಂಡಿದ್ದೆ."

"ನಂಗೆ ಗೊತ್ತಿತ್ತು," ಎಂದಳು ನಾಗಕ್ಕ. "ಮ್ಯಾಪಲ್ಲಿ ಮದ್ರಾಸು ಹುಡುಕಿ ಇಟ್ಕಂಡಿದ್ದೆ. ಎರಡು ವರ್ಷ ಕಾದ್ರೆ ಅಲ್ಲೇ ಕೆಲ್ಸ ಸಿಗುತ್ತೆ, ನಾನೂ ಸಮುದ್ರ ನೋಡ್ತೀನಿ ಅಂತ."

ಚಿತ್ತಯ್ಯ ನೀರು ಕುಡಿದು ತಲೆ ತಗ್ಗಿಸಿದ. ನಾಗಕ್ಕ ಖಾಲಿ ಚೊಂಬು ತೆಗೆದುಕೊಂಡಳು.

"ಒಂದು ಟಗರು ಮಾರಾಕೆ ಆಗ್ಲಿಲ್ವಲ್ಲ ಬಾವ ನಿಂಗೆ," ಎಂದು ಒಳಗೆ ಹೋದಳು.